ಗೆರೆಯಿಲ್ಲದ ಬಣ್ಣ: ಲೂರ್‌ಗೆ ಮೊದಲ ಏರ್‌ಬ್ರಷ್

ಗೆಂಡೆ ಮೀನಿನ ಬೆನ್ನು ಮಬ್ಬು ಹಸಿರು, ಪಕ್ಕೆ ಬೆಳ್ಳಿ, ಹೊಟ್ಟೆ ಬಿಳಿ. ಆದರೆ ಒಂದು ಬಣ್ಣ ಮುಗಿದು ಇನ್ನೊಂದು ಆರಂಭವಾಗುವ ಗೆರೆಯನ್ನು ಹುಡುಕಿದರೆ ಸಿಗುವುದಿಲ್ಲ. ಮೇಲಿನಿಂದ ಬೀಳುವ ಬೆಳಕು ಬೆನ್ನನ್ನು ಬೆಳಗಿಸಿ ಹೊಟ್ಟೆಯನ್ನು ನೆರಳಿನಲ್ಲಿಡುತ್ತದೆ. ಮೈಬಣ್ಣ ಅದಕ್ಕೆ ತಿರುವುಮುರುವಾಗಿರುವುದರಿಂದ ಎರಡೂ ಸರಿದೂಗಿ ಮೀನು ನೀರಿನಲ್ಲಿ ಮರೆಯಾಗುತ್ತದೆ. ಮಂಡ್ಯದ ಕೆರೆಗಳಲ್ಲಿ ಕೊರವ ಮೀನು ಹಿಡಿಯಲೆಂದು ಮನೆಯಲ್ಲೇ ಮರದ ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಕೆತ್ತುವವರು ಕುಂಚ ಬಿಟ್ಟು, ಗಾಳಿಯಿಂದ ಬಣ್ಣ ಊದುವ ಏರ್‌ಬ್ರಷ್ ಹಿಡಿಯಬೇಕೆನ್ನುವುದು ಈ ಗೆರೆಯಿಲ್ಲದ ಬಣ್ಣಕ್ಕಾಗಿಯೇ. ಕೊರವನಿಗೆ ಇಷ್ಟು ನಾಜೂಕು ಬೇಕೇ ಎಂಬುದು ಬೇರೆ ಮಾತು. ಕೆತ್ತಿದವರ ಕಣ್ಣಿಗಂತೂ ಬೇಕು.

ಏರ್‌ಬ್ರಷ್‌ನ ಮೂತಿಯಲ್ಲಿ ಪುಟ್ಟ ನಾಜಲ್, ಅದರ ತೂತನ್ನು ಮುಚ್ಚಿಕೊಂಡಿರುವ ಮೊನಚಾದ ಸೂಜಿ ಇರುತ್ತವೆ. ನಾಜಲ್‌ನ ಸುತ್ತಲಿಂದ ಗಾಳಿ ವೇಗವಾಗಿ ಹೊರನುಗ್ಗಿದಾಗ ತುದಿಯಲ್ಲಿ ಒತ್ತಡ ಕುಗ್ಗಿ, ಬಣ್ಣ ಹೊರಕ್ಕೆ ಸೆಳೆಯಲ್ಪಟ್ಟು, ಅದೇ ಗಾಳಿಯ ಹೊಡೆತಕ್ಕೆ ಸಣ್ಣ ಹನಿಗಳಾಗಿ ಒಡೆಯುತ್ತದೆ. ಸಿಂಗಲ್ ಆ್ಯಕ್ಷನ್ ಬಗೆಯಲ್ಲಿ ಗುಂಡಿ ಗಾಳಿಯನ್ನು ಮಾತ್ರ ಬಿಡುತ್ತದೆ. ಬಣ್ಣದ ಪ್ರಮಾಣವನ್ನು ತಿರುಪಿನಿಂದ ಮೊದಲೇ ಗೊತ್ತುಮಾಡಿರಬೇಕು. ಡ್ಯುಯಲ್ ಆ್ಯಕ್ಷನ್‌ನಲ್ಲಿ ಗುಂಡಿಯನ್ನು ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದಷ್ಟೂ ಬಣ್ಣ. ಬೆನ್ನಿನಿಂದ ಪಕ್ಕೆಗೆ ಇಳಿಯುತ್ತ ಬಣ್ಣವನ್ನು ತೆಳುವಾಗಿಸುತ್ತ ಹೋಗುವುದು ಇದರಲ್ಲೇ ಸಲೀಸು. ಬೆರಳು ಪಳಗುವವರೆಗೆ ಹಳೆಯ ಪತ್ರಿಕೆಗಳ ಮೇಲೆ ಅಭ್ಯಾಸ ಮಾಡಬೇಕಾದರೂ, ಹೊಸಬರು ಇದನ್ನೇ ಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಬಣ್ಣದ ಬಟ್ಟಲು ಮೇಲಿರಲಿ. ಆಗ ಬಣ್ಣ ತನ್ನ ಭಾರದಿಂದಲೇ ಇಳಿಯುವುದರಿಂದ ಕಡಿಮೆ ಒತ್ತಡ ಸಾಕು, ಒಂದು ಲೂರ್‌ಗೆ ಬೇಕಾದ ಕೆಲವೇ ಹನಿಗಳನ್ನು ಹಾಕಿ ಬಳಿಯಬಹುದು, ಬಣ್ಣ ಬದಲಿಸುವಾಗ ತೊಳೆಯುವುದೂ ಬೇಗ. ನಾಜಲ್ ಸಣ್ಣದಾದಷ್ಟೂ ಮೇಲೆಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಮೀನಿನ ಹೊಳಪು ತರುವ ಪರ್ಲ್ ಬಣ್ಣದಲ್ಲಿ ಅಭ್ರಕದ ಚೂರುಗಳಿರುತ್ತವೆ; 0.2 ಮಿಲಿಮೀಟರ್ ತೂತಿನಲ್ಲಿ ಅವು ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತವೆ. 0.3ರಿಂದ 0.5 ಮಿಲಿಮೀಟರ್‌ವರೆಗಿನದು ಆರಂಭಕ್ಕೆ ತಕ್ಕದ್ದು. ಹುರುಪೆಗಳಿಗಂತೂ ಸೂಕ್ಷ್ಮ ನಾಜಲ್ ಬೇಕೇ ಇಲ್ಲ: ಹಳೆಯ ಸೊಳ್ಳೆ ಪರದೆಯ ತುಂಡನ್ನು ಲೂರ್‌ಗೆ ಬಿಗಿಯಾಗಿ ಸುತ್ತಿ ಮೇಲಿನಿಂದ ಬಣ್ಣ ಊದಿದರೆ, ದಾರ ಮರೆಮಾಡಿದ ಕಡೆ ಕೆಳಗಿನ ಬಣ್ಣ ಉಳಿದು ಹುರುಪೆಯ ಅಂಚುಗಳು ತಾವಾಗಿಯೇ ಮೂಡುತ್ತವೆ.

ಹಣ ಉಳಿಸಲೇಬೇಕಾದರೆ ಏರ್‌ಬ್ರಷ್‌ನಲ್ಲಿ ಉಳಿಸಿ, ಅದಕ್ಕೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್‌ನಲ್ಲಿ ಬೇಡ. ಗಾಳಿ ತುಂಬಿಡುವ ಟ್ಯಾಂಕ್ ಇಲ್ಲದ ಯಂತ್ರದ ಗಾಳಿ ಪಂಪಿನ ಪ್ರತಿ ಬಡಿತಕ್ಕೂ ನಡುಗಬಹುದು; ಟ್ಯಾಂಕ್ ಇದ್ದರೆ ಹರಿವು ಸಮವಾಗಿರುತ್ತದೆ. ತೆಳುಗೊಳಿಸಿದ, ನೀರು ಆಧಾರಿತ ಅಕ್ರಿಲಿಕ್ ಬಣ್ಣಕ್ಕೆ ಸಾಮಾನ್ಯವಾಗಿ 15ರಿಂದ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒತ್ತಡ ಸಾಕು. ಮೈಸೂರಿನ ಮಳೆಗಾಲದ ತೇವದ ಗಾಳಿಯನ್ನು ಒತ್ತಿ ತುಂಬಿದಾಗ, ಅದು ತಣಿಯುತ್ತಿದ್ದಂತೆ ಆವಿ ನೀರಾಗುತ್ತದೆ. ಆ ಹನಿ ಬಣ್ಣದ ಜೊತೆ ಸಿಡಿಯದಂತೆ ತಡೆಯಲು ತೇವ ಹಿಡಿಯುವ ಫಿಲ್ಟರ್ ಇರಲೇಬೇಕು. ಏಪ್ರಿಲ್‌ನ ಒಣಹವೆಯಲ್ಲಿ ತೊಂದರೆ ಬೇರೆ: ಅಕ್ರಿಲಿಕ್ ಸೂಜಿಯ ತುದಿಯಲ್ಲೇ ಒಣಗಿ ಗಟ್ಟಿಯಾಗುತ್ತದೆ. ಬಣ್ಣಕ್ಕೆ ಒಣಗುವಿಕೆ ನಿಧಾನಿಸುವ ರಿಟಾರ್ಡರ್‌ನ ಒಂದೆರಡು ಹನಿ ಬೆರೆಸಿ, ತುದಿಯನ್ನು ಆಗಾಗ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿದರೆ ಕೆಲಸ ನಿಲ್ಲುವುದಿಲ್ಲ. ಬಣ್ಣ ನೀರಿನದ್ದೇ ಆದರೂ ಅದರ ಮಂಜು ಶ್ವಾಸಕೋಶಕ್ಕೆ ಹೋಗಬಾರದು. ಕಿಟಕಿ ತೆರೆದು, ಧೂಳಿನ ಕಣಗಳನ್ನು ತಡೆಯುವ ಮಾಸ್ಕ್ ಧರಿಸಿಯೇ ಕೂರಬೇಕು.