ಕತ್ತಲಾಗದ ರಾತ್ರಿ, ಮುಗಿಯದ ವಾದ

ಕ್ರಿ.ಶ. 922. ಬಾಗ್ದಾದಿನ ಖಲೀಫ ಕಳಿಸಿದ ತಂಡದ ಜೊತೆ ಇಬ್ನ್ ಫದ್ಲಾನ್ ವೋಲ್ಗಾ ತೀರದ ಬುಲ್ಗಾರರ ನಾಡಿಗೆ ಬಂದ. ಇಂದಿನ ರಷ್ಯದ ಕಜಾನ್ ತಾತಾರರು ತಮ್ಮ ಪೂರ್ವಿಕರೆಂದು ಹೇಳಿಕೊಳ್ಳುವ ಜನ ಇವರು. ಅಲ್ಲಿ ನೆಲೆಸಿದ್ದ ಬಾಗ್ದಾದಿನ ದರ್ಜಿಯೊಬ್ಬನ ಜೊತೆ ಅವನು ಡೇರೆಯಲ್ಲಿ ಹರಟುತ್ತಾ ರಾತ್ರಿಯ ಅಜಾನ್‌ಗೆ ಕಾಯುತ್ತಿದ್ದ. ಅಜಾನ್ ಕೇಳಿ ಹೊರಬಂದರೆ ಬೆಳಗಾಗುತ್ತಿದೆ! ರಾತ್ರಿ ನಮಾಜನ್ನು ಸಂಜೆಯದರ ಜೊತೆಗೇ ಮುಗಿಸುತ್ತೇವೆ ಎಂದನಂತೆ ಅಜಾನ್ ಕೂಗಿದವನು. ಮುಂಜಾನೆಯದು ತಪ್ಪೀತೆಂದು ಅವನು ತಿಂಗಳಿಂದ ರಾತ್ರಿ ಮಲಗಿರಲಿಲ್ಲ.

ತಮಾಷೆಯಾಗಿದೆ, ಅಲ್ವಾ? ಅವರಿಗದು ತಲೆನೋವು. ಸಂಜೆಯ ಬೆಳಕು ಪೂರ್ತಿ ಆರಿದ ಮೇಲೆಯೇ ಇಶಾ, ಅಂದರೆ ರಾತ್ರಿ ನಮಾಜಿನ ಹೊತ್ತು. ಬುಲ್ಗಾರ್ ಇರುವುದು ಸುಮಾರು 55 ಡಿಗ್ರಿ ಉತ್ತರದಲ್ಲಿ. ಬೇಸಿಗೆಯ ನಡುವೆ ಅಲ್ಲಿ ಆ ಬೆಳಕು ಆರುವ ಮೊದಲೇ ಬೆಳಗಾಗುತ್ತದೆ. ಹೊತ್ತೇ ಬಾರದಿದ್ದರೆ ನಮಾಜ್ ಮಾಡಬೇಕೋ ಬೇಡವೋ?

ಪ್ರಶ್ನೆ ಮಧ್ಯ ಏಷ್ಯಾದ ಖ್ವಾರೆಜ್ಮ್‌ವರೆಗೆ ಹೋಯಿತು. ಬೇಡ ಎಂದ ಅಲ್ಲಿನ ಪಂಡಿತ ಬಕ್ಕಾಲಿ. ಕೈ ಕತ್ತರಿಸಿ ಹೋದವನು ವುಜೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದನ್ನು, ಮಾಡುವಾಗ ಆ ಕೈ ತೊಳೆಯಬೇಕಾ? ಹಾಗೇ ಇದು ಅನ್ನುವುದು ಅವನ ವಾದ. 15ನೇ ಶತಮಾನದಲ್ಲಿ ಈಜಿಪ್ಟಿನ ಇಬ್ನುಲ್ ಹುಮಾಮ್ ಇದನ್ನು ಒಪ್ಪಲಿಲ್ಲ. ಕೈ ಇಲ್ಲದಿರುವುದು ಬೇರೆ, ಹೊತ್ತಿನ ಗುರುತು ಕಾಣದಿರುವುದು ಬೇರೆ ಎಂದ.

ಮಧ್ಯಯುಗದ ತಾತಾರ್ ಚಿಂತನೆ ಅಂದರೆ ಸಾಮಾನ್ಯವಾಗಿ ಕಾವ್ಯಗಳ ಹೆಸರು ಬರುತ್ತದೆ. ಬುಲ್ಗಾರರ ಕವಿ ಕುಲ್ ಗಾಲಿ ಕುರಾನಿನಲ್ಲಿ ಬರುವ ಪ್ರವಾದಿ ಯೂಸುಫನ ಕಥೆ ಬರೆದದ್ದು 1233ರಲ್ಲಿ. ಮೂರು ವರ್ಷದಲ್ಲಿ ಮಂಗೋಲರು ಬಂದರು. ಕಜಾನ್ ಖಾನರ ಕಾಲದಲ್ಲಿ ಕವಿ ಮುಹಮ್ಮದ್‌ಯಾರ್ ನ್ಯಾಯ, ತಾಳ್ಮೆಯ ಬಗ್ಗೆ ಬರೆದ. 1552ರಲ್ಲಿ ಕಜಾನ್ ರಷ್ಯದ ಪಾಲಾಯಿತು. ನನಗೆ ಮಾತ್ರ ಈ ನಮಾಜಿನ ಜಗಳವೇ ಜಾಸ್ತಿ ಮುಖ್ಯ ಅನಿಸುತ್ತದೆ. ಯೂಸುಫನ ಕಥೆ ಹೊರಗಿಂದ ಬಂತು, ಈ ಪ್ರಶ್ನೆ ಅಲ್ಲಿನ ಆಕಾಶದ ಕೆಳಗೇ ಹುಟ್ಟಿತು.

ಅದು ತಣ್ಣಗಾಗಲೂ ಇಲ್ಲ. ಹಳೆಯ ಪಂಡಿತರು ಹೇಳಿದರೆಂದು ಸುಮ್ನೆ ಒಪ್ಪಬಾರದು ಎನ್ನುತ್ತಿದ್ದ ತಾತಾರ್ ಪಂಡಿತ ಅಬೂನಸ್ರ್ ಕುರ್ಸಾವಿ, ಬೇಸಿಗೆಯಲ್ಲೂ ಇಶಾ ಬಿಡುವಂತಿಲ್ಲ ಎಂದು ಪಟ್ಟು ಹಿಡಿದ. ದೇವರ ಗುಣಗಳ ಬಗೆಗಿನ ಬೇರೊಂದು ವಾದಕ್ಕಾಗಿ 1808ರಲ್ಲಿ ಮಧ್ಯ ಏಷ್ಯಾದ ಬುಖಾರಾದ ಪಂಡಿತರು ಅವನನ್ನು ಖಂಡಿಸಿದರು. 1812ರಲ್ಲಿ, ಹಜ್ ಯಾತ್ರೆಯ ದಾರಿಯಲ್ಲಿ ತೀರಿಕೊಂಡ. ಇಶಾದ ವಾದದಲ್ಲಿ ಅವನ ಪಕ್ಷ ಹಿಡಿದವನು ಕಜಾನಿನ ಇಮಾಮ್ ಶಿಹಾಬುದ್ದೀನ್ ಮರ್ಜಾನಿ. 1870ರಲ್ಲಿ ಈ ಒಂದೇ ಪ್ರಶ್ನೆಗೆ ಅರಬ್ಬಿಯಲ್ಲಿ ಇಡೀ ಪುಸ್ತಕ ಅಚ್ಚು ಹಾಕಿಸಿದ: ಬೆಳಕು ಆರಲಿ, ಬಿಡಲಿ, ಇಶಾ ಕಡ್ಡಾಯ.