ಗಂಡಿನ ಕಡೆಯವರು ಹಾಕಿಸುವ ಊಟ

ನ್ಯೂಜೆರ್ಸಿಯಲ್ಲಿ ಮದುವೆಗಳ ಏರ್ಪಾಡು ನೋಡಿಕೊಳ್ಳುವುದು ನನ್ನ ಕೆಲಸ. ಅಮೆರಿಕದ ಹುಡುಗಿಯನ್ನು ಸೊಸೆ ಮಾಡಿಕೊಳ್ಳುವ ನಮ್ಮ ತಾಯಂದಿರು ಮೊದಲು ಕೇಳುವುದು ಇದನ್ನೇ: "ರಿಹರ್ಸಲ್ ಡಿನ್ನರ್ ಅಂದ್ರೆ ಏನು? ನಾವ್ಯಾಕೆ ಮಾಡಬೇಕು?"

ನಮ್ಮಲ್ಲಿ ಮದುವೆಯ ಹಿಂದಿನ ಸಂಜೆ ವರಪೂಜೆ. ಹೆಣ್ಣಿನ ಕಡೆಯವರು ಛತ್ರದ ಬಾಗಿಲಲ್ಲಿ ನಿಂತು ಬೀಗರನ್ನು ಎದುರುಗೊಳ್ಳುತ್ತಾರೆ. ಇಲ್ಲಿ ಉಲ್ಟಾ. ಹಿಂದಿನ ರಾತ್ರಿಯ ಊಟ ಗಂಡಿನ ಮನೆಯವರದು ಅನ್ನುವುದು ಇಲ್ಲಿನ ಹಳೇ ರೂಢಿ. ಯಾರು ಎಲ್ಲಿ ನಿಲ್ಲಬೇಕು, ಯಾರ ಹಿಂದೆ ಯಾರು ನಡೆದು ಬರಬೇಕು ಅಂತ ಸಂಜೆ ಒಂದು ಸಲ ಮಾಡಿ ನೋಡುತ್ತಾರೆ, ಅದೇ ರಿಹರ್ಸಲ್. ಆಮೇಲೆ ಊಟ. ಎರಡೂ ಮನೆಯವರು, ವಧೂವರರ ಪಕ್ಕ ನಿಲ್ಲುವ ಗೆಳೆಯ ಗೆಳತಿಯರು, ಪುರೋಹಿತರು ಅಥವಾ ಪಾದ್ರಿ ಸೇರಿದರೆ 30-35 ಜನ. ಊರಿಂದ ಬಂದವರನ್ನೆಲ್ಲ ಕರೆಯೋಣ ಅನಿಸುತ್ತದೆ, ಗೊತ್ತು. ಆದರೆ 90 ಜನ ಆದರೆ ಅದು ಇನ್ನೊಂದು ರಿಸೆಪ್ಷನ್. ಬೀಗರು ಕೂತು ಮಾತಾಡಲು ಸಿಗುವುದು ಇದೊಂದೇ ರಾತ್ರಿ.

ಹಾಗಾಗಿ ಜಾಗ ನೋಡುವಾಗ ನಾನು ಮೊದಲು ನೋಡುವುದು ಬಾಗಿಲು ಮುಚ್ಚುವ ಕೋಣೆ ಇದೆಯಾ ಅಂತ. ಒಮ್ಮೆ ಒಂದು ದೊಡ್ಡ ರೆಸ್ಟೋರೆಂಟಿನಲ್ಲಿ "ಪ್ರೈವೇಟ್ ರೂಮ್" ಅಂದಿದ್ದರು. ಹೋಗಿ ನೋಡಿದರೆ ಬರೀ ಮಡಚುವ ಪರದೆ, ಆಚೆ ಬಾರ್. ಹುಡುಗಿಯ ಅಪ್ಪ ಎದ್ದು ನಿಂತು ಮಾತಾಡಿದರು, ಕಣ್ಣಲ್ಲಿ ನೀರು ಬಂತು. ಹಾಸನದಿಂದ ಬಂದಿದ್ದ ಅಜ್ಜಿಗೆ ಮೊಮ್ಮಗ ಕನ್ನಡದಲ್ಲಿ ಹೇಳಲು ನೋಡಿದ. ಆ ಗದ್ದಲದಲ್ಲಿ ಒಂದಕ್ಷರ ಕೇಳಿಸಲಿಲ್ಲ. ಅಜ್ಜಿ ಕರವಸ್ತ್ರ ಮಡಚುತ್ತಾ, ಬಿಚ್ಚುತ್ತಾ ಕೂತಿದ್ದರು. ಬಾರ್ ಖಾಲಿ ಇರುವ ಬೆಳಿಗ್ಗೆ 11ಕ್ಕೆ ಹೋಗಿ ಜಾಗ ನೋಡಿ ಬಂದಿದ್ದು ನನ್ನದೇ ತಪ್ಪು. ಈಗ ಶುಕ್ರವಾರ ಸಂಜೆ 7ಕ್ಕೇ ಹೋಗುತ್ತೇನೆ.

ಇನ್ನು ದುಡ್ಡು. ಕೋಣೆಗೆ ಬಾಡಿಗೆ ಇಲ್ಲ, "ಮಿನಿಮಮ್" (ಊಟ, ಕುಡಿಯುವುದಕ್ಕೆ ಕಡಿಮೆ ಅಂದರೂ ಮಾಡಲೇಬೇಕಾದ ಖರ್ಚು) 2,000 ಡಾಲರ್ ಅಂದರೆ ಅಷ್ಟಕ್ಕೆ ಮುಗಿಯಿತು ಅಂದುಕೊಳ್ಳಬೇಡಿ. ಸೇಲ್ಸ್ ಟ್ಯಾಕ್ಸ್ ಶೇ. 6.625, ಟಿಪ್ಸ್ ಶೇ. 20 ಸೇರಿದರೆ 2,532 ದಾಟುತ್ತದೆ. ಕುಡಿಯುವುದೇ ಬಿಲ್ಲಿನ ದೊಡ್ಡ ಪಾಲು. ನ್ಯೂಜೆರ್ಸಿಯಲ್ಲಿ ಲಿಕ್ಕರ್ ಲೈಸೆನ್ಸ್ ಊರಿನ ಜನಸಂಖ್ಯೆ ನೋಡಿ ಕೊಡುತ್ತಾರೆ, 3,000 ಜನಕ್ಕೊಂದು. ಅದಕ್ಕೇ ಎಷ್ಟೋ ಒಳ್ಳೆಯ ರೆಸ್ಟೋರೆಂಟುಗಳಿಗೆ ಲೈಸೆನ್ಸ್ ಇಲ್ಲ. ಊರಿನ ನಿಯಮ ಅಡ್ಡ ಬರದಿದ್ದರೆ, ಅವರು ಒಪ್ಪಿದರೆ, ವೈನ್, ಬಿಯರ್ ನೀವೇ ಒಯ್ಯಬಹುದು. ಅದಕ್ಕೆ ಅವರು ಚಾರ್ಜ್ ಹಾಕುವಂತಿಲ್ಲ.

ಊಟಕ್ಕೆ ನನ್ನ ಮೊದಲ ಆಯ್ಕೆ ಇಟಾಲಿಯನ್, ಅದೂ ಫ್ಯಾಮಿಲಿ ಸ್ಟೈಲ್. ದೊಡ್ಡ ಬಟ್ಟಲುಗಳು ಮೇಜಿನ ಮೇಲೆ ಕೈಯಿಂದ ಕೈಗೆ ದಾಟುತ್ತವೆ. ಬಡಿಸಿಕೊಂಡು ಉಂಡು ಅಭ್ಯಾಸ ಇರುವ ನಮ್ಮವರಿಗೆ ಬೇಗ ಒಗ್ಗುತ್ತದೆ. ಆದರೆ ಎಷ್ಟೋ ಕಡೆ ತರಕಾರಿ ಸೂಪಿಗೂ ಚಿಕನ್ ಸ್ಟಾಕ್ (ಕೋಳಿ ಬೇಯಿಸಿದ ನೀರು) ಹಾಕಿರುತ್ತಾರೆ, ಸುಮ್ನೆ "ವೆಜಿಟೇರಿಯನ್" ಅಂದರೆ ಸಾಲದು. ಒಂದೊಂದನ್ನೂ ಕೇಳಿ ಬರೆಸಿಕೊಳ್ಳಿ. ಅಜ್ಜಿಗೊಂದು ಡಬ್ಬಿ ಮೊಸರನ್ನಕ್ಕೂ ಮೊದಲೇ ಅನುಮತಿ ಕೇಳಿಡಿ.

ಹೊತ್ತು ಕೂಡ ಮುಖ್ಯ. ಬೇಸಿಗೆಯಲ್ಲಿ ಇಲ್ಲಿ ಸಂಜೆ 7 ಅಂದರೆ ಊರಲ್ಲಿ ಬೆಳಗಿನ ಜಾವ 4:30. ಮೊನ್ನೆ ಮೊನ್ನೆ ವಿಮಾನ ಇಳಿದವರ ಕಣ್ಣು ಎಳೆಯುತ್ತಿರುತ್ತದೆ, ಅಲ್ವಾ? 6ಕ್ಕೆ ಕೂರಿಸಿ. ಮಾತಾಡುವವರು ಊಟದ ಕೊನೆಗಲ್ಲ, ಮೊದಲ ಬಟ್ಟಲು ಬರುವ ಮುಂಚೆಯೇ ಮಾತಾಡಲಿ. 8:30ಕ್ಕೆ ಹಿರಿಯರಿಗೆ ಕಾರು ಬಾಗಿಲಲ್ಲಿರಲಿ.