ಜೆನಿನ್‌ನ ಗಲ್ಲಿಗಳು ಅಗಲವಾದ ಕಥೆ

ಜೆನಿನ್ ನಿರಾಶ್ರಿತರ ಶಿಬಿರ ಅಂದ ತಕ್ಷಣ ಟೆಂಟುಗಳ ಸಾಲು ಕಣ್ಣಮುಂದೆ ಬರಬಹುದು. ಅಲ್ಲಿ ಟೆಂಟು ಹೋಗಿ ಎಷ್ಟೋ ದಶಕಗಳಾದವು. 1948ರಲ್ಲಿ, ಇಸ್ರೇಲ್ ಹುಟ್ಟಿದಾಗಿನ ಯುದ್ಧದಲ್ಲಿ, ಹೈಫಾ ಮತ್ತು ಸುತ್ತಲಿನ ಹಳ್ಳಿಗಳಿಂದ ಮನೆಮಠ ಕಳೆದುಕೊಂಡು ಬಂದವರಿಗಾಗಿ 1953ರಲ್ಲಿ ಪಶ್ಚಿಮ ದಂಡೆಯಲ್ಲಿ ಶುರುವಾದ ಜಾಗ ಅದು. ವಿಸ್ತಾರ ಸುಮಾರು 100 ಎಕರೆ. 2002ರ ಹೊತ್ತಿಗೆ ಅಷ್ಟರಲ್ಲೇ 14 ಸಾವಿರದಷ್ಟು ಜನ. ಮಕ್ಕಳ ಮದುವೆಯಾದ ಹಾಗೆ ಮನೆ ಮೇಲೆ ಮನೆ ಎದ್ದಿತು, ಗೋಡೆಗೆ ಗೋಡೆ ಒತ್ತಿಕೊಂಡಿತು. ನಡುವೆ ಉಳಿದದ್ದು, ಇಬ್ಬರು ಎದುರಾದರೆ ಒಬ್ಬರು ಸರಿದು ನಿಲ್ಲಬೇಕಾದಂಥ ಗಲ್ಲಿಗಳು.

ನಮ್ಮಲ್ಲಾದರೆ ರಸ್ತೆ ಎಷ್ಟು ಅಗಲ ಇರಬೇಕು ಅಂತ ಪುರಸಭೆ ಹೇಳುತ್ತದೆ. ಪ್ಯಾಲೆಸ್ತೀನಿನಲ್ಲಿ ಅದನ್ನು ಮತ್ತೆ ಮತ್ತೆ ಹೇಳಿದ್ದು ಸೈನ್ಯ. ಈ ಪದ್ಧತಿ ಇಸ್ರೇಲ್ ಹುಟ್ಟುವ ಮೊದಲೇ ಬಂದಿತ್ತು. ತಂದವರು ಆಗ ಪ್ಯಾಲೆಸ್ತೀನನ್ನು ಆಳುತ್ತಿದ್ದ ಬ್ರಿಟಿಷರು.

1936ರಲ್ಲಿ ಅವರ ವಿರುದ್ಧ ಅರಬರ ದಂಗೆ ಎದ್ದಾಗ ಕರಾವಳಿಯ ಜಾಫಾ ಊರಿನ ಹಳೇ ಪೇಟೆಯ ಇಕ್ಕಟ್ಟಿನೊಳಗೆ ನುಗ್ಗುವುದು ಬ್ರಿಟಿಷ್ ಪಡೆಗೆ ಕಷ್ಟವಾಯಿತು. ಜೂನ್ ತಿಂಗಳಲ್ಲಿ ವಿಮಾನದಿಂದ ಕರಪತ್ರ ಎಸೆದು, ಮನೆ ಖಾಲಿ ಮಾಡಿ ಎಂದರು. ಕಾರಣ ಕೊಟ್ಟಿದ್ದು ಊರಿನ ಸುಧಾರಣೆ. ಆಮೇಲೆ ಡೈನಮೈಟ್ ಇಟ್ಟು 200ಕ್ಕೂ ಹೆಚ್ಚು ಕಟ್ಟಡಗಳನ್ನು ಕೆಡವಿ, ಪೇಟೆಯ ನಡುವೆ ಅಗಲವಾದ ದಾರಿ ಸೀಳಿದರು. ಸುಧಾರಣೆಯ ನೆಪ ಹೇಳಿ ಸರ್ಕಾರ ಜನರ ಕಣ್ಣಿಗೆ ಮಣ್ಣೆರಚುತ್ತಿದೆ ಎಂದು ಅಲ್ಲಿನ ಮುಖ್ಯ ನ್ಯಾಯಮೂರ್ತಿ ಮೈಕಲ್ ಮೆಕ್‌ಡೊನೆಲ್ ತೀರ್ಪಿನಲ್ಲೇ ಬರೆದರು. ಅವರೂ ಬ್ರಿಟಿಷರ ಅಧಿಕಾರಿಯೇ. ಹೆಚ್ಚು ದಿನ ಕುರ್ಚಿಯಲ್ಲಿ ಉಳಿಯಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಲಂಡನ್ನಿನಿಂದ ಪೀಲ್ ಆಯೋಗ ಬಂತು, ಶಾಂತಿಗೆ ದಾರಿ ಹುಡುಕಲು! 1938ರಲ್ಲಿ ಇನ್ನೊಂದು ಆಯೋಗ ಬಂದು, ಅರಬರಿಗೂ ಯಹೂದಿಗಳಿಗೂ ದೇಶ ಒಡೆದು ಹಂಚಿದರೆ ಗಡಿ ಎಲ್ಲಿ ಎಳೆಯಬಹುದು ಎಂದು ನೋಡಿಕೊಂಡು ಹೋಯಿತು. ಅದೇ ವರ್ಷ ಆಗಸ್ಟಿನಲ್ಲಿ ಜೆನಿನ್ ಪಟ್ಟಣದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬರ ಕೊಲೆಯಾಯಿತು. ಸೇಡಿಗೆ ಸೈನ್ಯ ಊರಿನ ಒಂದು ಭಾಗವನ್ನೇ ಸ್ಫೋಟಿಸಿ ಕೆಡವಿತು. ನೆಲಸಮ ಮಾಡುವವರೂ ನಕ್ಷೆ ಬರೆಯುವವರೂ ಒಂದೇ ವರ್ಷ ಒಂದೇ ಸರ್ಕಾರದಿಂದ ಬಂದವರು ಅನ್ನುವುದನ್ನು ನೆನಪಿಡಿ. ಮುಂದಿನ ಕಥೆಗೆ ಇದು ಬೇಕು.

1971ರಲ್ಲಿ ಗಾಜಾದ ಶಿಬಿರಗಳಲ್ಲಿ ಮನೆಗಳ ಸಾಲು ಒಡೆಸಿ ರಸ್ತೆ ಅಗಲ ಮಾಡಿಸಿದ್ದು ಇಸ್ರೇಲಿನ ಏರಿಯಲ್ ಶರೋನ್. ಆಗ ಅವರು ಸೇನಾ ಕಮಾಂಡರ್. 2002ರಲ್ಲಿ ಪ್ರಧಾನಿ.

ಆ ವರ್ಷ ಮಾರ್ಚ್ 27ರಂದು ಇಸ್ರೇಲಿನ ನೆತಾನ್ಯಾ ಊರಿನ ಹೋಟೆಲಿನಲ್ಲಿ ಯಹೂದಿಗಳ ಪಾಸೋವರ್ ಹಬ್ಬದ ಊಟಕ್ಕೆ ಕೂತಿದ್ದವರ ನಡುವೆ ಹಮಾಸ್‌ನ ಆತ್ಮಾಹುತಿ ಬಾಂಬರ್ ಸ್ಫೋಟಿಸಿಕೊಂಡ. 30 ಜನ ಸತ್ತರು, ಹೆಚ್ಚಿನವರು ವಯಸ್ಸಾದವರು. ಎರಡೇ ದಿನಕ್ಕೆ ಇಸ್ರೇಲಿ ಸೈನ್ಯ ಪಶ್ಚಿಮ ದಂಡೆಯ ಊರುಗಳಿಗೆ ನುಗ್ಗಿತು. ಏಪ್ರಿಲ್ ಮೊದಲ ವಾರ ಜೆನಿನ್ ಶಿಬಿರಕ್ಕೆ ಬಂತು.

ಈಗ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಏಪ್ರಿಲ್ 4ರಂದು ಅಮೆರಿಕದ ಅಧ್ಯಕ್ಷ ಬುಷ್, ಸೈನ್ಯ ಹಿಂದೆ ಸರಿಯಬೇಕು ಎಂದರು. ವಿದೇಶಾಂಗ ಸಚಿವ ಕಾಲಿನ್ ಪವೆಲ್ ಅವರನ್ನು ಕಳಿಸುವುದಾಗಿ ಹೇಳಿದರು. ಪವೆಲ್ ನೇರವಾಗಿ ಜೆರುಸಲೇಮಿಗೆ ಹೋಗಲಿಲ್ಲ. ಮೊದಲು ಮೊರಾಕೊ. ಮೊದಲು ಜೆರುಸಲೇಮಿಗೇ ಹೋಗಬೇಕಿತ್ತಲ್ಲವೇ ಎಂದು ಅಲ್ಲಿನ ದೊರೆ ಮುಖಕ್ಕೇ ಕೇಳಿದರು. ಆಮೇಲೆ ಕೈರೋ, ಮ್ಯಾಡ್ರಿಡ್, ಅಮ್ಮಾನ್. ಅವರು ಕೈರೋದಲ್ಲಿದ್ದ 9ನೇ ತಾರೀಖು, ಜೆನಿನ್ ಗಲ್ಲಿಯ ಹೊಂಚಿನಲ್ಲಿ 13 ಇಸ್ರೇಲಿ ಸೈನಿಕರು ಸತ್ತರು. ಹೋರಾಟಗಾರರು ಮನೆಮನೆಗೂ ಬಾಂಬ್ ಕಟ್ಟಿಟ್ಟಿದ್ದರು. ಅಲ್ಲಿಂದಾಚೆ ಸೈನ್ಯ ಗಲ್ಲಿಯೊಳಗೆ ನಡೆದುಹೋಗುವುದನ್ನೇ ಬಿಟ್ಟು, ಉಕ್ಕಿನ ಕವಚ ತೊಡಿಸಿದ ಡಿ-9 ಬುಲ್ಡೋಜರ್‌ಗಳನ್ನು ಮುಂದೆ ಬಿಟ್ಟಿತು. ಶಿಬಿರದ ನಡುವಿನ ಹವಾಶೀನ್ ಬೀದಿಗಳು ಪೂರ್ತಿ ಮಣ್ಣಾದವು. ಕೊನೆಯ ಹೋರಾಟಗಾರರು ಶರಣಾಗಿದ್ದು 11ರಂದು. ಪವೆಲ್ ಇಸ್ರೇಲಿಗೆ ಬಂದಿಳಿದಿದ್ದೂ ಅದೇ ರಾತ್ರಿ.

ನೂರಾರು ಜನರ ಹತ್ಯಾಕಾಂಡ ನಡೆದಿದೆ ಅಂತ ಆಗ ಸುದ್ದಿ ಹಬ್ಬಿತು. ಅದು ನಿಜವಲ್ಲ. ಕನಿಷ್ಠ 52 ಪ್ಯಾಲೆಸ್ತೀನಿಯರು ಸತ್ತಿದ್ದರು, ಅವರಲ್ಲಿ ಸಾಮಾನ್ಯ ಜನರೂ ಇದ್ದರು. ಸತ್ತ ಇಸ್ರೇಲಿ ಸೈನಿಕರು 23. ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಸೂರು ಇಲ್ಲವಾಯಿತು. ಇಷ್ಟನ್ನು ಸ್ಥಳದಲ್ಲೇ ನೋಡಿ ದಾಖಲಿಸಲು ವಿಶ್ವಸಂಸ್ಥೆ ತಂಡ ರಚಿಸಿತು. ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ತಿ ಅಹ್ತಿಸಾರಿ ಅದರ ಮುಖ್ಯಸ್ಥರು. ಇಸ್ರೇಲ್ ಒಪ್ಪಲಿಲ್ಲ, ಅಮೆರಿಕ ಒತ್ತಾಯ ಹಾಕಲಿಲ್ಲ, ತಂಡ ಜೆನೀವಾದಲ್ಲೇ ಚದುರಿತು. ಆಗಸ್ಟಿನಲ್ಲಿ ಬಂದ ವಿಶ್ವಸಂಸ್ಥೆಯ ವರದಿಯನ್ನು ಜೆನಿನ್‌ಗೆ ಹೋಗದೆಯೇ ಬರೆಯಬೇಕಾಯಿತು. ನನ್ನ ಮಟ್ಟಿಗೆ ಆ ಏಪ್ರಿಲಿನ ದೊಡ್ಡ ಸೋಲು ಇದು. ಸುಳ್ಳು ಸುದ್ದಿಗೂ ನಿಜವಾದ ಸಾವಿಗೂ ಒಟ್ಟಿಗೇ ಉತ್ತರ ಸಿಗಬಹುದಾಗಿದ್ದ ದಾರಿ ಮುಚ್ಚಿಹೋಯಿತು.

ಶಿಬಿರ ಮತ್ತೆ ಕಟ್ಟಲು ಎಮಿರೇಟ್ಸ್‌ನ ರೆಡ್ ಕ್ರೆಸೆಂಟ್ ಹಣ ಕೊಟ್ಟಿತು, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೆಲಸ ಹಿಡಿಯಿತು. ಯೋಜನೆ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಪ್ರಜೆ ಇಯಾನ್ ಹುಕ್, ನವೆಂಬರಿನಲ್ಲಿ ಅದೇ ಸಂಸ್ಥೆಯ ಆವರಣದಲ್ಲಿ ಇಸ್ರೇಲಿ ಸೈನಿಕನ ಗುಂಡಿಗೆ ಸತ್ತರು. ನಕ್ಷೆ ತೆರೆದಾಗ ಜನರ ನಡುವೆ ಜಗಳವೇ ಆಯಿತು. ರಸ್ತೆ ಅಗಲ ಮಾಡಿದರೆ ಟ್ಯಾಂಕು ಸಲೀಸಾಗಿ ಒಳಗೆ ಬರುತ್ತದೆ ಅಂತ ಕೆಲವರು. ಕಿರಿದಾಗಿಯೇ ಇಟ್ಟರೂ ಬರುತ್ತದೆ, ಆದರೆ ಮನೆ ಕೆಡವಿಕೊಂಡು ಬರುತ್ತದೆ ಅಂತ ಉಳಿದವರು. ಮನೆ ಕಟ್ಟಿಸುವಾಗ ಅಡುಗೆಮನೆ ಯಾವ ಕಡೆ, ಬಾಗಿಲು ಯಾವ ದಿಕ್ಕಿಗೆ ಅಂತ ಕೂತು ಮಾತಾಡಬೇಕಾದ ಜನ ಟ್ಯಾಂಕಿನ ಅಗಲ ಲೆಕ್ಕ ಹಾಕಬೇಕಾಯಿತು. ಕೊನೆಗೆ ರಸ್ತೆ ಅಗಲವಾಯಿತು.

2025ರ ಜನವರಿ 19ರಂದು ಅಮೆರಿಕ, ಈಜಿಪ್ಟ್, ಕತಾರ್ ಸೇರಿ ಮಾಡಿಸಿದ ಗಾಜಾ ಕದನ ವಿರಾಮ ಜಾರಿಗೆ ಬಂತು. 21ರಂದು ಇಸ್ರೇಲಿ ಸೈನ್ಯ ಮತ್ತೆ ಜೆನಿನ್‌ಗೆ ಬಂತು. ಶಿಬಿರ ಖಾಲಿಯಾಯಿತು. ಫೆಬ್ರುವರಿ 2ರಂದು 20ರಷ್ಟು ಕಟ್ಟಡಗಳನ್ನು ಒಂದೇ ಏಟಿಗೆ ಸ್ಫೋಟಿಸಿದರು. ತಿಂಗಳ ಕೊನೆಗೆ ಟ್ಯಾಂಕುಗಳೂ ಬಂದವು, ಪಶ್ಚಿಮ ದಂಡೆಗೆ 2002ರ ಕಾಲದ ನಂತರ ಮೊದಲ ಸಲ. ಇದು ಉಗ್ರರ ವಿರುದ್ಧದ ಕಾರ್ಯಾಚರಣೆ ಎಂದಿತು ಇಸ್ರೇಲ್. ಜೆನಿನ್ ಮತ್ತು ಉತ್ತರದ ಉಳಿದ ಶಿಬಿರಗಳಿಂದ ಸುಮಾರು 40 ಸಾವಿರ ಜನ ಹೊರಬಿದ್ದರು. ಗಲ್ಲಿಗಳು ಇನ್ನೂ ಅಗಲವಾದವು.

ಮೇ 21ರಂದು ಯುರೋಪ್ ಸೇರಿದಂತೆ ಹಲವು ದೇಶಗಳ ರಾಜತಾಂತ್ರಿಕರು ಆ ಜಾಗ ನೋಡಲು ಹೋದರು. ಶಿಬಿರದ ಬಾಯಲ್ಲಿ ಹಳದಿ ಬಣ್ಣದ ಗೇಟು. ಆಚೆ ಬದಿಯಲ್ಲಿ ಬಂದೂಕು ಹಿಡಿದ ಸೈನಿಕರು. ಗುಂಡಿನ ಸದ್ದು ಕೇಳಿದ್ದೇ ತಡ, ಕೋಟು ತೊಟ್ಟವರು, ಪತ್ರಕರ್ತರು ಎಲ್ಲರೂ ತಮ್ಮ ವಾಹನಗಳ ಕಡೆ ಓಡಿದರು. ಒಪ್ಪಿದ್ದ ದಾರಿ ಬಿಟ್ಟು ಬಂದಿದ್ದರು, ಎಚ್ಚರಿಕೆಗೆ ಹಾರಿಸಿದ ಗುಂಡು ಎಂದಿತು ಸೈನ್ಯ. ಯಾರಿಗೂ ಗಾಯವಾಗಲಿಲ್ಲ. ರೋಮ್, ಪ್ಯಾರಿಸ್‌ಗಳಲ್ಲಿ ಇಸ್ರೇಲಿ ರಾಯಭಾರಿಗಳನ್ನು ಕರೆಸಿ ವಿವರಣೆ ಕೇಳಿದರು. ಗೇಟಿನ ಆಚೆಗೆ ಏನಿದೆ ಅಂತ ನೋಡಲು ಬಂದವರು ಅವತ್ತು ಅದನ್ನು ನೋಡದೆಯೇ ವಾಪಸಾದರು.